ಮೈಸೂರಿನ ಉಗಿಬಂಡಿಗಳು

ನಮ್ಮ ಶಾಲೆಯ ಮೊದಲ ತಂಡದವರು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯುವ ಕಾಲಕ್ಕೆ ಮೈಸೂರಿನಲ್ಲಿ ಉಗಿ ಎಂಜಿನ್ ಇನ್ನೂ ದಿನನಿತ್ಯದ ವಸ್ತು. ನಂಜನಗೂಡಿಗೋ ಹಾಸನಕ್ಕೋ ಹೊರಟವರು ಕಿಟಕಿ ಪಕ್ಕ ಕೂತರೆ ಇಳಿಯುವಷ್ಟರಲ್ಲಿ ಕಾಲರಿನ ತುಂಬ ಮಸಿ, ಕಣ್ಣಿನಲ್ಲಿ ಇದ್ದಲಿನ ಪುಡಿ. ನಾನು ಎಂಟನೇ ತರಗತಿಗೆ ಸೇರುವ ಹೊತ್ತಿಗೆ ಅದೇ ಎಂಜಿನ್ ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಂನಲ್ಲಿ ಟಿಕೆಟ್ ಕೊಟ್ಟು ನೋಡುವ ವಸ್ತುವಾಗಿತ್ತು. ಇವೆರಡರ ನಡುವೆ ಇಪ್ಪತ್ತು ಚಿಲ್ಲರೆ ವರ್ಷ. ಎಂಜಿನ್ ಉಳಿದುಕೊಂಡಿತು, ಅದನ್ನು ಓಡಿಸಲು, ರಿಪೇರಿ ಮಾಡಲು ಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾದರು. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಈ ವಿಷಯ.

ಮೈಸೂರಿಗೆ ರೈಲು ಬಂದದ್ದು ಬರಗಾಲದ ಬೆನ್ನಿಗೆ. 1876ರಿಂದ 1878ರವರೆಗಿನ ಕ್ಷಾಮವನ್ನು ನಮ್ಮ ಕಡೆಯ ಹಿರಿಯರು ಸಂವತ್ಸರದ ಹೆಸರಿನಿಂದಲೇ ಕರೆಯುತ್ತಿದ್ದರು: ಧಾತು ಈಶ್ವರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ ಅಷ್ಟು ಇಳಿಯಿತೆಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಹಸಿದವರಿಗೆ ಕೂಲಿ ಕೊಡಲು ಸರ್ಕಾರ ಕೈಗೆತ್ತಿಕೊಂಡ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸವೂ ಒಂದು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು, ಸಿ. ರಂಗಾಚಾರ್ಲು ದಿವಾನರಾದರು. ಅದೇ ವರ್ಷ ಗಾಡಿ ಚನ್ನಪಟ್ಟಣದವರೆಗೆ ಓಡಿತು. 1882ರಲ್ಲಿ ಮೈಸೂರು ಮುಟ್ಟಿತು. ನಾನು ವಾರಕ್ಕೊಮ್ಮೆ ಬೆಂಗಳೂರಿನ ಕೆಲಸಕ್ಕೆ ಹೋಗಿಬರುವುದು ಇದೇ ಮಾರ್ಗದಲ್ಲಿ. ಮದ್ದೂರು ವಡೆ ತಿನ್ನುತ್ತಾ ಕೂತವರಿಗೆ ಮಣ್ಣು ಹೊತ್ತವರ ನೆನಪು ಬರುವುದು ಕಷ್ಟವೇ ಸರಿ.

ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮೀಟರ್ ಗೇಜ್ ಅದು. ಖರ್ಚು ಕಡಿಮೆ, ತೂಕವೂ ಕಡಿಮೆ. ದಾರಿ 1891ರಲ್ಲಿ ನಂಜನಗೂಡಿಗೆ ಮುಂದುವರಿಯಿತು. ಮುಂದೆ ಅಲ್ಲಿನ ಕಪಿಲೆಯ ಮೇಲೆ 18ನೇ ಶತಮಾನದಲ್ಲಿ ದಳವಾಯಿ ದೇವರಾಜರು ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆಯೇ ಎತ್ತಿನ ಗಾಡಿಯೂ ರೈಲೂ ಅಕ್ಕಪಕ್ಕ ಹಾಯುವಂತಾಯಿತು. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ ಉಗಿ ಎಂಜಿನ್ನಿನ ಭಾರವನ್ನು ಹೊತ್ತಿತೆಂಬುದು ನನಗೆ ಇವತ್ತಿಗೂ ಸೋಜಿಗ. 1886ರಲ್ಲಿ ಸದರ್ನ್ ಮರಾಠಾ ಕಂಪನಿಗೆ ಹೋಗಿದ್ದ ನಿರ್ವಹಣೆಯನ್ನು ಮೈಸೂರು ಸರ್ಕಾರ 1919ರಲ್ಲಿ ವಾಪಸ್ಸು ಪಡೆಯಿತು. 1924ರಲ್ಲಿ ಅಶೋಕಪುರಂ ಬಳಿಯ ವರ್ಕ್‌ಶಾಪ್ ಶುರುವಾಯಿತು. 1951ರಲ್ಲಿ ಎಲ್ಲವೂ ದಕ್ಷಿಣ ರೈಲ್ವೆಗೆ ಸೇರಿತು.

ಇನ್ನು ಯಂತ್ರದ ವಿಷಯ. ಬಿ.ಇ. ಮೊದಲ ವರ್ಷದಲ್ಲಿ ಯಾವ ಬ್ರಾಂಚ್ ಆದರೂ ಮೆಕ್ಯಾನಿಕಲ್ ವಿಷಯವೊಂದನ್ನು ಓದಲೇಬೇಕಾಗಿತ್ತು. ಲಂಕಾಶೈರ್ ಬಾಯ್ಲರ್, ಬ್ಯಾಬ್‌ಕಾಕ್ ವಿಲ್ಕಾಕ್ಸ್ ಬಾಯ್ಲರ್ ಚಿತ್ರ ಬರೆದು, ಭಾಗಗಳ ಹೆಸರು ಗುರುತಿಸಿ ಅಂಕ ಗಿಟ್ಟಿಸಿ ಮರೆತೂಬಿಡುತ್ತಿದ್ದೆವು. ಉಗಿ ಎಂಜಿನ್ ಅರ್ಥವಾಗಲು ಅಷ್ಟು ಬೇಕಿಲ್ಲ. ಹಳೆಯ ಮೈಸೂರು ಮನೆಗಳ ಬಚ್ಚಲಿನಲ್ಲಿದ್ದ ತಾಮ್ರದ ಬಾಯ್ಲರ್ ನೋಡಿದ್ದರೆ ಸಾಕು. ನಡುವೆ ಒಂದು ಕೊಳವೆ, ಅದರೊಳಗೆ ಬೆಂಕಿ, ಸುತ್ತ ನೀರು. ಅದನ್ನು ಅಡ್ಡ ಮಲಗಿಸಿ, ಒಂದು ಕೊಳವೆಯ ಬದಲು ಹತ್ತಾರು ಕೊಳವೆ ತೂರಿಸಿ, ಹಬೆ ಹೊರಗೆ ಹೋಗದಂತೆ ಬಿಗಿದರೆ ರೈಲಿನ ಬಾಯ್ಲರ್. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಒತ್ತಡ ಹೆಚ್ಚಿದಂತೆ ಕುದಿಯುವ ಬಿಸಿಯೂ ಏರುತ್ತದೆ, ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಇದರಿಂದಲೇ. ಮೈಸೂರಿನ ಹಳಿಗಳ ಮೇಲೆ ಕೊನೆಯ ದಶಕಗಳಲ್ಲಿ ಓಡಿದ ವೈ.ಪಿ. ಎಂಜಿನ್ನಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 14.8 ಕೆ.ಜಿ. ಒತ್ತಡ, ಅಲ್ಲಿ ನೀರು ಕುದಿಯುವುದು ಸುಮಾರು 200 ಡಿಗ್ರಿಗೆ. ಅದರ ಸಿಲಿಂಡರಿನ ಅಡ್ಡಳತೆ 387 ಮಿ.ಮೀ. ವೃತ್ತದ ವಿಸ್ತೀರ್ಣ ಕಂಡುಹಿಡಿದು ಗುಣಿಸಿ ನೋಡಿ: ಪೂರ್ತಿ ಒತ್ತಡ ಬಿದ್ದರೆ ಪಿಸ್ಟನ್ ಮೇಲೆ 17 ಟನ್ನಿಗೂ ಮೀರಿದ ತಳ್ಳು.

ವೈ.ಪಿ. ಎಂದರೆ ಮೀಟರ್ ಗೇಜ್ ಪ್ಯಾಸೆಂಜರ್, ವೈ.ಜಿ. ಎಂದರೆ ಮೀಟರ್ ಗೇಜ್ ಗೂಡ್ಸ್. ವೈ.ಪಿ.ಗಳು ಒಟ್ಟು 871 ತಯಾರಾದವು, ಹೆಚ್ಚಿನವು ಜಮ್ಷೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲಿ. ಲಾರಿಗಳ ಮೇಲೆ ನೋಡುತ್ತಿದ್ದ ಆ ಟೆಲ್ಕೊ ಹೆಸರಿನ ನಡುವೆ ಲೋಕೋಮೋಟಿವ್ ಅಡಗಿದೆ ಎಂದು ನನಗೆ ತಿಳಿದದ್ದು ತೀರಾ ಈಚೆಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಹೊಗೆಗೂಡಿನಲ್ಲಿದೆ. ಕೆಲಸ ಮುಗಿಸಿದ ಹಬೆಯನ್ನು ಸುಮ್ಮನೆ ಹೊರಗೆ ಬಿಡದೆ, ಚಿಮಣಿಯ ಬುಡದಲ್ಲಿಟ್ಟ ಮೂತಿಯ ಮೂಲಕ ಮೇಲಕ್ಕೆ ಊದುತ್ತಾರೆ. ಅದು ರಭಸದಿಂದ ಹೋಗುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಗೆ ಹೋದ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ನುಗ್ಗಿ ಕೆಂಡ ಧಗಧಗ ಎನ್ನುತ್ತದೆ. ಏರು ಬಂತು, ಎಂಜಿನ್ ಹೆಚ್ಚು ಹಬೆ ತಿಂದಿತು, ಹೆಚ್ಚು ಊದಿತು, ಬೆಂಕಿ ಹೆಚ್ಚಿತು, ಹಬೆ ಹೆಚ್ಚಿತು. ಇಳಿಜಾರಿನಲ್ಲಿ ಎಲ್ಲವೂ ತಾನಾಗಿ ತಗ್ಗುತ್ತದೆ. ಇದಕ್ಕೆ ಸೆನ್ಸರ್ ಇಲ್ಲ, ಪ್ರೋಗ್ರಾಂ ಇಲ್ಲ. ಸರ್ವರ್ ಮೇಲೆ ಹೊರೆ ಹೆಚ್ಚಿದಾಗ ತಾನಾಗಿ ಶಕ್ತಿ ಹೆಚ್ಚುವ ವ್ಯವಸ್ಥೆ ಬರೆಯಲು ನಮ್ಮ ತಂಡ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತದೆ. 1829ರಲ್ಲಿ ಸ್ಟೀಫನ್‌ಸನ್ನರ ರಾಕೆಟ್ ಎಂಜಿನ್ ಇದೇ ಉಪಾಯವನ್ನು ಒಂದು ಕಬ್ಬಿಣದ ಕೊಳವೆಯಲ್ಲಿ ಮಾಡಿತ್ತು.

ನಾವು ಚಿಕ್ಕಂದಿನಲ್ಲಿ ಒಬ್ಬರ ಅಂಗಿ ಒಬ್ಬರು ಹಿಡಿದು ಆಡುತ್ತಿದ್ದ ಛುಕ್ ಛುಕ್ ಸದ್ದು ಹುಟ್ಟುವುದು ಆ ಊದಿನಿಂದಲೇ. ಎರಡು ಸಿಲಿಂಡರ್, ಪ್ರತಿಯೊಂದೂ ಹೋಗುತ್ತಾ ಒಮ್ಮೆ ಬರುತ್ತಾ ಒಮ್ಮೆ ಹಬೆ ಬಿಡುತ್ತದೆ. ಹೀಗಾಗಿ ಚಕ್ರದ ಒಂದು ಸುತ್ತಿಗೆ ನಾಲ್ಕು ಛುಕ್. ವೈ.ಪಿ.ಯ ದೊಡ್ಡ ಚಕ್ರದ ಅಡ್ಡಳತೆ 1,372 ಮಿ.ಮೀ., ಸುತ್ತಳತೆ 4.31 ಮೀಟರ್. ಅಂದರೆ ಛುಕ್ಕಿಗೆ ಒಂದು ಮೀಟರ್ ಚಿಲ್ಲರೆ. ಸೆಕೆಂಡಿಗೆ ಎಷ್ಟು ಛುಕ್ಕೋ ಅದರ ನಾಲ್ಕರಷ್ಟು ಕಿಲೋಮೀಟರು ಗಂಟೆಯ ವೇಗ. ಸೆಕೆಂಡಿಗೆ ಒಂದಾದರೆ ನಡಿಗೆ, ಐದಾದರೆ ಸೈಕಲ್. ಅದಕ್ಕಿಂತ ಮೇಲೆ ಎಣಿಸುವುದು ಕಷ್ಟ, ಸದ್ದು ಒಂದರೊಳಗೊಂದು ಬೆರೆತುಹೋಗುತ್ತದೆ.

ಅಪಾಯವಿದ್ದದ್ದು ನೀರಿನಲ್ಲಿ. ಬೆಂಕಿಗೂಡಿನ ಛಾವಣಿಯ ಮೇಲೆ ಸದಾ ನೀರು ನಿಂತಿರಬೇಕು. ನೀರು ತಗ್ಗಿ ಛಾವಣಿ ಒಣಗಿತೋ, ತಗಡು ಕೆಂಪಗೆ ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯುತ್ತದೆ. ಅದಕ್ಕೆಂದೇ ಛಾವಣಿಯಲ್ಲಿ ಸೀಸ ತುಂಬಿದ ಬಿರಡೆ ಇಟ್ಟಿರುತ್ತಾರೆ. ನೀರು ತಗ್ಗಿದರೆ ಮೊದಲು ಸೀಸ ಕರಗಿ, ಆ ತೂತಿನಿಂದ ಹಬೆ ಬೆಂಕಿಯ ಮೇಲೆ ಸುರಿದು ಎಚ್ಚರಿಸುತ್ತದೆ. ಗಾಡಿ ಓಡುವಾಗ ಅಷ್ಟು ಒತ್ತಡದ ಒಳಕ್ಕೆ ಹೊಸ ನೀರು ನುಗ್ಗಿಸುವುದು ಹೇಗೆ? ಇಂಜೆಕ್ಟರ್ ಎಂಬ ಚಿಕ್ಕ ಸಾಧನ ಅದೇ ಬಾಯ್ಲರಿನ ಹಬೆಯಿಂದ ಅದೇ ಬಾಯ್ಲರಿಗೆ ನೀರು ತಳ್ಳುತ್ತದೆ. ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಇದನ್ನು ಕಂಡುಹಿಡಿದಾಗ ಹಲವರು ನಂಬಲಿಲ್ಲವಂತೆ. ನಂಬದಿದ್ದವರನ್ನು ದೂರುವಂತಿಲ್ಲ.

ನಮ್ಮ ತಾತ ವರ್ಕ್‌ಶಾಪಿನಲ್ಲಿ ಬಾಯ್ಲರ್ ಕೆಲಸದ ಫಿಟ್ಟರ್ ಆಗಿದ್ದವರು. ಬೆಂಕಿಗೂಡಿನ ಗೋಡೆಯನ್ನು ಹೊರಗಿನ ಗೋಡೆಗೆ ಬಿಗಿದು ಹಿಡಿಯಲು ಸ್ಟೇ ಎನ್ನುವ ನೂರಾರು ಕಬ್ಬಿಣದ ಕಡ್ಡಿಗಳಿರುತ್ತವೆ. ಅವುಗಳಲ್ಲಿ ಒಂದು ಒಳಗೆ ಮುರಿದರೂ ಹೊರಗಿನಿಂದ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ತಟ್ಟಿ ಕಿವಿಯಿಂದಲೇ ಪತ್ತೆ ಮಾಡಬೇಕು. “ಒಡಕು ಮಡಕೆ ತಟ್ಟಿದ ಹಂಗೆ ಕೇಳ್ಸುತ್ತೆ ಕಣಪ್ಪ” ಎನ್ನುತ್ತಿದ್ದರು. ದೇವರಾಜ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸುವಾಗಲೂ ಅವರು ತಟ್ಟುವ ರೀತಿ ಬೇರೆ, ಅಂಗಡಿಯವರೇ ನಿಂತು ನೋಡುತ್ತಿದ್ದರು. ಎಂಬತ್ತು ದಾಟಿದ ಮೇಲೆ ಅವರನ್ನು ಕೂರಿಸಿಕೊಂಡು ಫೋನಿನಲ್ಲಿ ನಲವತ್ತು ನಿಮಿಷ ಮಾತು ಮುದ್ರಿಸಿದ್ದೇನೆ. ಕೊಳವೆ ಬದಲಿಸುವುದು, ಬಾಯ್ಲರ್ ತೊಳೆಯುವುದು, ಕೆರೆನೀರಿನ ಹಿಟ್ಟು ಕೊಳವೆಗೆ ಮೆತ್ತಿಕೊಳ್ಳುವುದು ಎಲ್ಲ ಹೇಳಿದ್ದಾರೆ. ಆ ಸುತ್ತಿಗೆಯ ಸದ್ದು ಮಾತ್ರ ಅದರಲ್ಲಿಲ್ಲ. ಒಳ್ಳೆಯ ಸ್ಟೇ ಹೇಗೆ ಕೇಳಿಸುತ್ತದೆ, ಕೆಟ್ಟದ್ದು ಹೇಗೆ ಎಂಬುದನ್ನು ಬಾಯಿಯಲ್ಲಿ ಅನುಕರಿಸಿ ತೋರಿಸಲು ಎರಡು ಸಲ ಹೋಗಿ, ತಾವೇ ನಕ್ಕುಬಿಟ್ಟರು.

ಉಗಿ ಎಂಜಿನ್ ಹೋದದ್ದಕ್ಕೆ ನಾನು ಅಳುವವನಲ್ಲ. ಸುಟ್ಟ ಇದ್ದಲಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲೂ ಚಕ್ರಕ್ಕೆ ಸಿಗುತ್ತಿರಲಿಲ್ಲ. ಇದ್ದಲು ದೂರದಿಂದ ಬರಬೇಕು, ತಣ್ಣಗಿರುವ ಎಂಜಿನ್ ಎಬ್ಬಿಸಲು ಗಂಟೆಗಟ್ಟಲೆ ಬೆಂಕಿ ಹಾಕಬೇಕು, ಬೇಸಿಗೆಯಲ್ಲಿ ಆ ಬೆಂಕಿಯ ಮುಂದೆ ಸಲಿಕೆ ಹಿಡಿದು ನಿಲ್ಲುವವನ ಪಾಡು ಕೇಳಬೇಡಿ. 1990ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರು-ಮೈಸೂರು ದಾರಿ ಬ್ರಾಡ್ ಗೇಜ್ ಆಯಿತು. ಚಾಮರಾಜನಗರದ ಕಡೆಯದೂ ಈ ಶತಮಾನದ ಮೊದಲ ದಶಕದಲ್ಲಿ ಬದಲಾಗಿ, ನಂಜನಗೂಡಿನ ಹಳೆಯ ಸೇತುವೆಗೆ ವಿಶ್ರಾಂತಿ ಸಿಕ್ಕಿತು. ದೇಶದ ಬ್ರಾಡ್ ಗೇಜಿನಲ್ಲಿ ಕೊನೆಯ ನಿತ್ಯದ ಉಗಿ ಗಾಡಿ 1995ರ ಡಿಸೆಂಬರಿನಲ್ಲಿ ಜಲಂಧರ್-ಫಿರೋಜ್‌ಪುರ ನಡುವೆ ಓಡಿ ನಿಂತಿತು.

ಆದರೆ ಎಂಜಿನ್ ಹೋಗುವುದು ಬೇರೆ, ಕೈಕೆಲಸ ಹೋಗುವುದು ಬೇರೆ. ನಮ್ಮ ಪಕ್ಕದ ನೀಲಗಿರಿಯಲ್ಲಿ ಮೇಟ್ಟುಪಾಳ್ಯದಿಂದ ಕೂನೂರಿನವರೆಗೆ ಇಂದಿಗೂ ಉಗಿ ಎಂಜಿನ್ನೇ ಗಾಡಿಯನ್ನು ಬೆಟ್ಟಕ್ಕೆ ಹತ್ತಿಸುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಹಳೆಯ ಎಂಜಿನ್‌ಗಳು ಸವೆದಾಗ ತಿರುಚಿರಾಪಳ್ಳಿಯ ಪೊನ್ಮಲೈ ವರ್ಕ್‌ಶಾಪಿನವರು ಈ ಶತಮಾನದ ಎರಡನೇ ದಶಕದಲ್ಲಿ ಹೊಸದಾಗಿ ಉಗಿ ಎಂಜಿನ್‌ಗಳನ್ನೇ ಕಟ್ಟಿದರು. ನಕ್ಷೆ ಎಲ್ಲಾದರೂ ಸಿಗುತ್ತದೆ; ಕಟ್ಟಬಲ್ಲ ಕೈಗಳು ಅಲ್ಲಿ ಇದ್ದವು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ರೈಲ್ವೆ ಮನೆಗಳಿಂದ ಬಂದವರು ಬಹಳ ಮಂದಿ. ಮನೆಯಲ್ಲಿ ಹಳೆಯ ಫೈರ್‌ಮನ್, ಡ್ರೈವರ್, ಶೆಡ್ಡಿನ ಕ್ಲೀನರ್ ಇದ್ದರೆ ಈ ದಸರಾ ರಜೆಯಲ್ಲೇ ಅವರ ಪಕ್ಕ ಕೂತು ಫೋನ್ ಆನ್ ಮಾಡಿ. ವರ್ಷ, ಇಸವಿ ಕೇಳುವುದಕ್ಕಿಂತ ಸಲಿಕೆ ಹೇಗೆ ಹಿಡಿಯುತ್ತಿದ್ದಿರಿ, ಇದ್ದಲನ್ನು ಯಾವ ಮೂಲೆಗೆ ಮೊದಲು ಎಸೆಯುತ್ತಿದ್ದಿರಿ ಎಂದು ಕೇಳಿ. ಮುದ್ರಿಸಿದ್ದನ್ನು ಒಂದೆಡೆ ಜೋಡಿಸಿ, ಬರೆದಿಡುವ ಕೆಲಸ ನನಗೆ ಬಿಡಿ.

ಈಗ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಮ್ಯೂಸಿಯಂ ಶುರುವಾದದ್ದು 1979ರಲ್ಲಿ, ಹೆಚ್ಚುಕಡಿಮೆ ನಮ್ಮ ಶಾಲೆಯದೇ ವಯಸ್ಸು. ಮಹಾರಾಣಿಯವರ 1899ರ ಸಲೂನ್ ಗಾಡಿಯನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ. ಮೈಸೂರು ರೈಲ್ವೆಯ ಇ.ಎಸ್. ವರ್ಗದ 506ನೇ ಎಂಜಿನ್ ಎದುರು ನಿಂತು ಚಕ್ರ ಎಣಿಸಿ: ಮುಂದೆ ನಾಲ್ಕು ಚಿಕ್ಕವು, ನಡುವೆ ಆರು ದೊಡ್ಡವು, ಹಿಂದೆ ಎರಡು. ದೊಡ್ಡ ಚಕ್ರದ ಅಡ್ಡಳತೆ ಹಿಡಿದು ಛುಕ್ಕಿಗೆ ಎಷ್ಟು ದೂರವೆಂದು ಲೆಕ್ಕ ಹಾಕಿ. ಆಮೇಲೆ ಎಡಬದಿಯ ದೊಡ್ಡ ಸರಳು ಚಕ್ರಕ್ಕೆ ಸೇರುವ ಜಾಗ ಮೇಲಿದೆಯೋ ಕೆಳಗಿದೆಯೋ ನೋಡಿಕೊಂಡು ಬಲಬದಿಗೆ ಹೋಗಿ. ಅಲ್ಲಿ ಅದು ಕಾಲು ಸುತ್ತು ಹಿಂದೆಯೋ ಮುಂದೆಯೋ ಇರುತ್ತದೆ. ಎರಡೂ ಒಂದೇ ಜಾಗದಲ್ಲಿದ್ದಿದ್ದರೆ ಗಾಡಿ ಯಾವ ಸ್ಟೇಷನ್ನಿನಲ್ಲಿ ಸಿಕ್ಕಿಬೀಳುತ್ತಿತ್ತು, ಏಕೆ ಎಂದು ವಾಪಸ್ಸು ಬರುವಾಗ ಬಸ್ಸಿನಲ್ಲಿ ಜಗಳವಾಡಿಕೊಳ್ಳಿ.