ಅತ್ತೆ-ಸೊಸೆಯೋ, ಸವತಿಯರೋ?

ದತ್ತ ಜಯಂತಿಗೆ ಹುಮನಾಬಾದಿನ ಮಾಣಿಕನಗರಕ್ಕೆ ಹೋಗಿದ್ದೆ. ಉದಗೀರದಿಂದ ಮಾಮಾನೂ ಬಂದಿದ್ದರು, ಮರಾಠಿ ಶಾಲೆಯಲ್ಲಿ ಮಾಸ್ತರ ಆಗಿದ್ದವರು. ರಾತ್ರಿ ಬಸವಕಲ್ಯಾಣದ ಮನೆಗೆ ಬಂದು ಮಾಳಿಗೆ ಮೇಲೆ ಕೂತಾಗ, ಉತ್ತರದಲ್ಲಿ ಎಂ ಅಕ್ಷರದ ಹಾಗಿದ್ದ ಐದು ನಕ್ಷತ್ರ ತೋರಿಸಿ "ಅದು ಕುಂತೀ" ಅಂದೆ.

"ಅಲ್ಲಪಾ, ಅದು ಶರ್ಮಿಷ್ಠಾ ಅದ" ಅಂದರು ಮಾಮಾ.

ಇಬ್ಬರದೂ ಸರಿಯೇ! ಅದು ಗ್ರೀಕರ ಕ್ಯಾಸಿಯೋಪಿಯ. ಕಥೆ ಹೀಗಿದೆ: ರಾಣಿ ಕ್ಯಾಸಿಯೋಪಿಯ ರೂಪದ ಜಂಬ ಕೊಚ್ಚಿಕೊಂಡಳು. ಸಮುದ್ರದೇವನಿಗೆ ಸಿಟ್ಟು ಬಂತು. ಮಗಳು ಆಂಡ್ರೊಮಿಡಾಳನ್ನು ಬಂಡೆಗೆ ಕಟ್ಟಬೇಕಾಯಿತು. ಪರ್ಸಿಯಸ್ ಬಂದು ಬಿಡಿಸಿ ಮದುವೆಯಾದ. ಅಪ್ಪ ಸಿಫಿಯಸ್. ಇಡೀ ಕುಟುಂಬ ಆಕಾಶದಲ್ಲಿ ಅಕ್ಕಪಕ್ಕದಲ್ಲೇ ಇದೆ.

ಕನ್ನಡದ ನಕ್ಷತ್ರ ಪುಸ್ತಕಗಳಲ್ಲಿ ಇವರು ಕುಂತೀ, ದ್ರೌಪದಿ, ಪಾರ್ಥ, ಯುಧಿಷ್ಠಿರ. ಮರಾಠಿಯಲ್ಲಿ ಶರ್ಮಿಷ್ಠಾ, ದೇವಯಾನಿ, ಯಯಾತಿ, ವೃಷಪರ್ವ. ಮಜಾ ನೋಡಿ, ಗ್ರೀಕರ ತಾಯಿ-ಮಗಳು ಕನ್ನಡಕ್ಕೆ ಬಂದು ಅತ್ತೆ-ಸೊಸೆ ಆದರು, ಮರಾಠಿಗೆ ಹೋಗಿ ಸವತಿಯರಾದರು! ಗಂಡ-ಹೆಂಡತಿ ಮಾತ್ರ ಮೂರೂ ಕಡೆ ಗಂಡ-ಹೆಂಡತಿಯೇ.

"ನೋಡಿ, ವ್ಯಾಸರ ಕಾಲದಲ್ಲೇ ನಮಗೆ ಗೊತ್ತಿತ್ತು" ಅಂತ ಇವನ್ನು ತೋರಿಸುವವರಿದ್ದಾರೆ. ಹಾಗಲ್ಲ. ಚಂದ್ರನ ಹಾದಿಯ 27 ನಕ್ಷತ್ರಗಳ ಹೆಸರು ನಿಜಕ್ಕೂ ಹಳೆಯವು. ಇವು ಗ್ರೀಕ್ ಚಿತ್ರಗಳಿಗೆ ಈಚೆಗೆ ಇಟ್ಟ ಹೆಸರುಗಳು. ಅದರಲ್ಲಿ ನಾಚಿಕೆ ಏನಿದೆ? 6ನೇ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಕ್ರಿಯ, ಲೇಯ ಅಂತ ಗ್ರೀಕ್ ಮೂಲದ ಹೆಸರುಗಳನ್ನೂ ಕೊಟ್ಟಿದ್ದಾನೆ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯರ ಶಾಸನಗಳಲ್ಲಿ ಉತ್ತರಾಯಣ ಸಂಕ್ರಾಂತಿಯ ದಾನಗಳು ಎಷ್ಟೊಂದು! ಆ ರಾಶಿಗಳೂ ಯವನರ ಕಡೆಯಿಂದಲೇ ಬಂದವು.

ಆಕಾಶಕ್ಕೂ ಗಡಿ ಇದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ 88 ನಕ್ಷತ್ರಪುಂಜಗಳನ್ನು ಒಪ್ಪಿತು. ಅವುಗಳ ಗಡಿರೇಖೆ 1930ರಲ್ಲಿ ಅಚ್ಚಾಯಿತು. ನಮ್ಮ ಬೀದರ್ ಜಿಲ್ಲೆಗೆ ಗೆರೆ ಬಿದ್ದದ್ದು 1956ರ ನವೆಂಬರ್ 1ಕ್ಕೆ. ಬಸವಕಲ್ಯಾಣ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು, ಅದೇ ಜಿಲ್ಲೆಯಲ್ಲಿದ್ದ ಉದಗೀರ ಮುಂಬೈ ರಾಜ್ಯಕ್ಕೆ ಹೋಯಿತು. ಮಾಮಾನ ಮನೆ ಆ ಕಡೆ, ನಮ್ಮದು ಈ ಕಡೆ.

ಕೊನೆಗೆ ಮಾಮಾನೇ ರಾಜಿ ಮಾಡಿದರು. "ನಿನ್ನ ಮಾಳಿಗಿ ಮ್ಯಾಲೆ ಕುಂತೀ, ನನ್ನ ಮಾಳಿಗಿ ಮ್ಯಾಲೆ ಶರ್ಮಿಷ್ಠಾ. ಚುಕ್ಕಿ ಅಂತೂ ಅವೇ ಅವ."

ನಿಮ್ಮ ಕಡೆ ಆ ಐದು ಚುಕ್ಕಿಗೆ ಅಜ್ಜಿಯರು ಏನಂತಿದ್ದರು? ಗೊತ್ತಿದ್ದರೆ ತಿಳಿಸಿ.