ಒದ್ದೆಯಾದ ಮದ್ದುಗುಂಡು
ನೀರು ಅಥವಾ ತೇವ ತಗುಲಿದ ಕೋವಿಮದ್ದು ಹಾಗೂ ಕಾಡತೂಸುಗಳು ಒಣಗಿದಂತೆ ಕಂಡರೂ ನಂಬಲು ಯೋಗ್ಯವಲ್ಲ. 1705ರಲ್ಲಿ ಸುರಪುರ ಸಮೀಪದ ವಾಗಣಗೇರಾ ಕೋಟೆಯಿಂದ ಔರಂಗಜೇಬನ ಸೇನೆಯನ್ನು ಎದುರಿಸಿದ ಬೇಡರ ಕಾಲದ ಕಪ್ಪುಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ನೀರು ಬಿದ್ದರೆ ಪೆಟ್ಲುಪ್ಪು ಮಾತ್ರ ಕರಗಿ, ಒಣಗುವಾಗ ಬೇರೆಯಾಗಿ ಹರಳುಗಟ್ಟುತ್ತದೆ. ಬಿಸಿಲಿಗೆ ಹರವಿದರೂ ಮದ್ದು ಮೊದಲಿನಂತೆ ಉರಿಯದು.

ಇಂದಿನ ಕಾಡತೂಸು ಬಿಗಿಯಾಗಿದ್ದರೂ, ಕೃಷ್ಣಾ–ಭೀಮಾ ನದಿಗಳ ನಡುವಿನ ವಡಗೇರಾದಂಥ ಸೀಮೆಯಲ್ಲಿ ನೆರೆನೀರಿನಲ್ಲಿ ಮುಳುಗಿದುದರೊಳಗೆ ತೇವ ಸೇರಿರಬಹುದು. ಅದು ಅರೆಬರೆ ಉರಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನರಿಯದೆ ಮತ್ತೊಂದು ಹಾರಿಸಿದರೆ ನಳಿಗೆ ಸಿಡಿದು ಹಾರಿಸಿದವನಿಗೇ ಅಪಾಯ. ಒಲೆಯ ಬಳಿ ಕಾಯಿಸುವುದು, ಬಿಚ್ಚುವುದು, ಹೂಳುವುದು ಯಾವುದೂ ಸಲ್ಲದು. ಪರವಾನಗಿದಾರರು ಅವನ್ನು ಬೇರೆಯಾಗಿ ಗುರುತಿಸಿಟ್ಟು, ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸುವುದು ಸುರಕ್ಷಿತ.