ಭೂತಗಳ ಇರುಳು, ಮಕ್ಕಳ ಹಬ್ಬ

ಅಕ್ಟೋಬರ್ 31ನೆಯ ತಾರೀಖಿನ ಸಂಜೆ ಅಮೆರಿಕದ ಯಾವುದಾದರೂ ಊರಿನ ಬೀದಿಯಲ್ಲಿ ನಿಂತರೆ ಹೊಸಬರಿಗೆ ಮೊದಲು ದಿಗಿಲೇ ಆದೀತು. ಮನೆಯ ಮೆಟ್ಟಿಲ ಮೇಲೆ ಕಣ್ಣು, ಮೂಗು, ಹಲ್ಲು ಕೊರೆದ ಕುಂಬಳಕಾಯಿ. ಅದರ ಒಳಗೊಂದು ದೀಪ. ಅಂಗಳದ ಮರದಲ್ಲಿ ತೂಗಾಡುವ ಅಸ್ಥಿಪಂಜರ. ಬೀದಿಯುದ್ದಕ್ಕೂ ಸೊಂಟದೆತ್ತರದ ಮಾಟಗಾತಿಯರು, ದೆವ್ವಗಳು. ಈ ದೆವ್ವಗಳು ಬಂದು ಬಾಗಿಲು ತಟ್ಟುತ್ತವೆ. ಮನೆಯಾಕೆ ಬಾಗಿಲು ತೆರೆದು, ಬೆಚ್ಚಿಬಿದ್ದಂತೆ ನಟಿಸಿ, ಅವು ಹಿಡಿದ ಚೀಲಕ್ಕೆ ಒಂದು ಹಿಡಿ ಮಿಠಾಯಿ ಹಾಕುತ್ತಾಳೆ. ದೆವ್ವಗಳು ‘ಥ್ಯಾಂಕ್ಸ್’ ಹೇಳಿ ಮುಂದಿನ ಮನೆಗೆ ಓಡುತ್ತವೆ. ಇದೇ ಹ್ಯಾಲೋವೀನ್ ಹಬ್ಬ.

ನೋಡಿದರೆ ಬರಿಯ ಹುಡುಗಾಟ. ಆದರೆ ಇದರ ಹಿಂದೆ ಸಾವಿರ ವರ್ಷ ಮೀರಿದ ಚರಿತ್ರೆ ಉಂಟು; ಒಂದರ್ಥದಲ್ಲಿ ಅದು ಬಾಗಿಲಿನ ಚರಿತ್ರೆ. ಇರುಳಿನಲ್ಲಿ ಕದ ತಟ್ಟಿದವರು ಯಾರೋ ಎಂಬ ಅಂಜಿಕೆ ಕಾಲಕಾಲಕ್ಕೆ ಬೇರೆ ಬೇರೆ ರೂಪ ತಾಳಿತು. ಮೊದಲು ಸತ್ತವರ ಭಯ, ಆಮೇಲೆ ಪುಂಡ ಹುಡುಗರ ಭಯ, ಕಡೆಗೆ ನೆರೆಯವರದೇ ಭಯ. ಈ ಭಯಗಳನ್ನು ಜನ ಹೇಗೆ ನೀಗಿಕೊಂಡರೆಂಬುದೇ ಈ ಹಬ್ಬದ ಕಥೆ.

ಕಥೆಯ ಮೂಲ ಐರ್ಲೆಂಡಿನಲ್ಲಿದೆ. ಅಲ್ಲಿನ ಹಳೆಯ ಕಾಲಗಣನೆಯಲ್ಲಿ ನವೆಂಬರ್ 1 ಚಳಿಗಾಲದ ಮೊದಲ ದಿನ. ಬೇಸಿಗೆಯ ಹುಲ್ಲುಗಾವಲಿನಿಂದ ದನಕರುಗಳನ್ನು ಮನೆಗೆ ಹೊಡೆದು ತರುವ ಕಾಲ. ಆ ಪರ್ವಕ್ಕೆ ‘ಸಾವಿನ್’ ಎಂದು ಹೆಸರು. ನಮ್ಮ ಕಿವಿಗೆ ಅಪಶಕುನದಂತೆ ಕೇಳಿಸಿದರೂ, ‘ಬೇಸಿಗೆಯ ಕೊನೆ’ ಎಂಬುದೇ ಆ ಹೆಸರಿಗೆ ಅಲ್ಲಿ ಹೇಳುತ್ತ ಬಂದಿರುವ ಅರ್ಥ. ಮಧ್ಯಯುಗದ ಐರಿಷ್ ಕಥೆಗಳಲ್ಲಿ ಅಂದಿನ ರಾತ್ರಿ ದಿಬ್ಬಗಳ ಬಾಗಿಲು ತೆರೆದು ಅನ್ಯಲೋಕದವರು ಹೊರಗೆ ಬರುತ್ತಾರೆ. ನಮ್ಮ ನಾಡಿನಲ್ಲೂ ಕದದ ಮೇಲೆ ‘ನಾಳೆ ಬಾ’ ಎಂದು ಬರೆದು, ಹೆಸರು ಹಿಡಿದು ಕೂಗುವ ದೆವ್ವವನ್ನು ಸಾಗಹಾಕಿದ ದಿನಗಳುಂಟು. ಆದ್ದರಿಂದ ಐರಿಷ್ ರೈತನ ಅಂಜಿಕೆ ನಮಗೆ ತೀರ ಅಪರಿಚಿತವಲ್ಲ.

ಇತ್ತ ಕ್ರೈಸ್ತ ಚರ್ಚು ಒಂಬತ್ತನೆಯ ಶತಮಾನದಲ್ಲಿ, ಪೋಪ್ ನಾಲ್ಕನೆಯ ಗ್ರೆಗರಿಯ ಕಾಲದಲ್ಲಿ, ನವೆಂಬರ್ 1ನ್ನು ಸಕಲ ಸಂತರ ದಿನವಾಗಿ ಯೂರೋಪಿನ ಬಹುಭಾಗದಲ್ಲಿ ನೆಲೆಗೊಳಿಸಿತು. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಲೋ’ ಎಂದರೆ ಸಂತ, ‘ಈವನ್’ ಎಂದರೆ ಸಂಜೆ. ಸಂತರ ಹಬ್ಬದ ಮುನ್ನಾ ಸಂಜೆಯೇ ಹ್ಯಾಲೋವೀನ್. ಮುಂದೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೋ ನವೆಂಬರ್ 2ನ್ನು ಸತ್ತವರೆಲ್ಲರ ಸ್ಮರಣೆಗೆ ಮೀಸಲಿಟ್ಟ. ನಮ್ಮ ಮಹಾಲಯದಂತೆ ಅದು ಹಿರಿಯರನ್ನು ನೆನೆಯುವ ದಿನ. ಆ ರಾತ್ರಿ ಐರ್ಲೆಂಡಿನ ಮನೆಗಳಲ್ಲಿ ಒಲೆಯ ಬೆಂಕಿ ಆರಿಸದೆ, ಬಾಗಿಲಿಗೆ ಅಗಳಿ ಹಾಕದೆ ಮಲಗುವ ರೂಢಿಯಿತ್ತು. ತೀರಿಹೋದ ತಮ್ಮವರು ಬಂದರೆ ಮೈ ಕಾಯಿಸಿಕೊಳ್ಳಲಿ ಎಂದು! ಅನ್ಯರ ಪ್ರೇತಕ್ಕೆ ಅಂಜಿದ ಮನುಷ್ಯ ತನ್ನವರ ಪ್ರೇತಕ್ಕೆ ಕದ ತೆರೆದಿಟ್ಟ.

ಇಂಗ್ಲೆಂಡಿನಲ್ಲಿ ಈ ದಿನಗಳಂದು ಬಡವರೂ ಮಕ್ಕಳೂ ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸಿ, ‘ಸೋಲ್ ಕೇಕ್’ ಎಂಬ ಸಣ್ಣ ರೊಟ್ಟಿ ಪಡೆಯುತ್ತಿದ್ದರು. ಕೊಡುವವರಿಗೆ ಪಿತೃಕಾರ್ಯ, ಪಡೆಯುವವರಿಗೆ ಹೊಟ್ಟೆಯ ಕಾರ್ಯ. ಹದಿನಾರನೆಯ ಶತಮಾನದ ಮತಸುಧಾರಣೆಯಿಂದ ಮೃತರಿಗಾಗಿ ಮಾಡುವ ಪ್ರಾರ್ಥನೆ ಅಲ್ಲಿ ನಿಂತಿತು. ಆದರೂ ಷ್ರಾಪ್‌ಷೈರ್, ಚೆಷೈರ್ ಮುಂತಾದ ಕಡೆ ಮನೆಮನೆಗೆ ಹೋಗುವ ಪದ್ಧತಿ ನಿಲ್ಲಲಿಲ್ಲ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡುಗಳಲ್ಲಿ ಮಕ್ಕಳು ಮುಖಕ್ಕೆ ಮಸಿ ಬಳಿದು, ವೇಷ ಹಾಕಿ, ಹಾಡೋ ಪದ್ಯವೋ ಒಪ್ಪಿಸಿ ಸೇಬು, ಬೀಜಕಾಯಿ ಸಂಪಾದಿಸುತ್ತಿದ್ದರು.

ಅವರ ಕೈಯಲ್ಲಿ ಟರ್ನಿಪ್ ಗಡ್ಡೆ ಕೊರೆದು ಮಾಡಿದ ಲಾಂದ್ರವಿರುತ್ತಿತ್ತು. ಅದಕ್ಕೊಂದು ಜನಪದ ಕಥೆ. ಜ್ಯಾಕ್ ಎಂಬ ಜಿಪುಣ ಸೈತಾನನನ್ನೇ ಮೋಸಗೊಳಿಸಿದನಂತೆ. ಸತ್ತ ಮೇಲೆ ಸ್ವರ್ಗದವರು ಅವನನ್ನು ಸೇರಿಸಲಿಲ್ಲ, ನರಕದವರೂ ಒಳಗೆ ಬಿಡಲಿಲ್ಲ. ಎರಡು ಬಾಗಿಲೂ ಮುಚ್ಚಿದವು. ಸೈತಾನ ಎಸೆದ ಒಂದು ಕೆಂಡವನ್ನು ಗಡ್ಡೆಯೊಳಗಿಟ್ಟುಕೊಂಡು ಅವನು ಇಂದಿಗೂ ಕತ್ತಲಲ್ಲಿ ಅಲೆಯುತ್ತಿದ್ದಾನೆ.

ಜ್ಯಾಕನಂತೆಯೇ ಅಲೆಯುವ ಗತಿ ಐರಿಷ್ ಜನಕ್ಕೂ ಬಂತು. 1845ರಿಂದ ವರ್ಷ ವರ್ಷವೂ ರೋಗ ತಗುಲಿ ಆಲೂಗಡ್ಡೆಯ ಬೆಳೆ ನೆಲದಲ್ಲೇ ಕೊಳೆಯಿತು. ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಹಡಗು ಹತ್ತಿ ಅಮೆರಿಕ ಸೇರಿದವರು ತಮ್ಮ ಹಬ್ಬವನ್ನೂ ಒಯ್ದರು. ಅಲ್ಲಿ ಟರ್ನಿಪ್ಪಿಗಿಂತ ದೊಡ್ಡದಾಗಿ, ಕೊರೆಯಲು ಸುಲಭವಾಗಿ, ಆ ಕಾಲಕ್ಕೇ ಬೆಳೆದು ನಿಂತ ಕುಂಬಳಕಾಯಿ ಸಿಕ್ಕಿತು.

ಅಮೆರಿಕದಲ್ಲಿ ದೆವ್ವದ ಭಯ ತಗ್ಗಿತು, ಹುಡುಗರ ಭಯ ಹೆಚ್ಚಿತು. ಹ್ಯಾಲೋವೀನ್ ರಾತ್ರಿ ಬೇಲಿಯ ಗೇಟು ಕಿತ್ತೊಯ್ಯುವುದು, ಗಾಡಿಯನ್ನು ಬಿಚ್ಚಿ ಕೊಟ್ಟಿಗೆಯ ಮಾಡಿನ ಮೇಲೆ ಜೋಡಿಸುವುದು, ಕಿಟಕಿಗೆ ಸಾಬೂನು ಬಳಿಯುವುದು ಸಾಮಾನ್ಯವಾಯಿತು. ನಗರಗಳು ಬೆಳೆದಂತೆ ತಂಟೆಯೂ ಬೆಳೆದು, 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಗಾಜು ಒಡೆಯುವ, ಬೆಂಕಿ ಇಡುವ ಮಟ್ಟಕ್ಕೆ ಹೋಯಿತು. 1942ರಲ್ಲಿ ಷಿಕಾಗೋ ನಗರಸಭೆ ಹಬ್ಬವನ್ನೇ ರದ್ದು ಮಾಡಬೇಕೆಂದು ಮತ ಹಾಕಿತು.

ಪೊಲೀಸರಿಗಿಂತ ಜಾಣರಾದವರು ನೆರೆಹೊರೆಯವರು. ಕ್ಯಾನ್ಸಸ್ ರಾಜ್ಯದ ಹೈವಾಥಾ ಎಂಬ ಪುಟ್ಟ ಊರಿನಲ್ಲಿ ಎಲಿಜಬೆತ್ ಕ್ರೆಬ್ಸ್ ಎಂಬಾಕೆಯ ಹೂದೋಟ ವರ್ಷವೂ ಈ ರಾತ್ರಿ ಹಾಳಾಗುತ್ತಿತ್ತು. ಆಕೆ ದೂರು ಕೊಡುತ್ತ ಕೂರಲಿಲ್ಲ. ಕುಣಿದು ದಣಿದ ಹುಡುಗ ಹೂಗಿಡ ಕೀಳಲಾರ ಎಂಬ ಲೆಕ್ಕದಿಂದ 1914ರಲ್ಲಿ ಊರನ್ನೆಲ್ಲ ಸೇರಿಸಿ ವೇಷದ ಸ್ಪರ್ಧೆ, ವಾದ್ಯ, ಮೆರವಣಿಗೆ ಏರ್ಪಡಿಸಿದಳು. ಆ ಉತ್ಸವ ನೂರು ವರ್ಷ ದಾಟಿ ಬಂದಿದೆ. 1920ರಲ್ಲಿ ಮಿನ್ನೆಸೋಟದ ಅನೋಕ ಊರಿನವರೂ ಇದೇ ದಾರಿ ಹಿಡಿದರು.

ಮನೆಮನೆಗಳಲ್ಲೂ ಒಂದು ಒಡಂಬಡಿಕೆ ಹುಟ್ಟಿತು. ಮಕ್ಕಳು ಕದ ತಟ್ಟಿ ‘ಟ್ರಿಕ್ ಆರ್ ಟ್ರೀಟ್’ ಎನ್ನಬೇಕು. ತಿಂಡಿ ಕೊಡಿ, ಇಲ್ಲವೆ ತಂಟೆ ನೋಡಿ ಎಂದು ಅದರ ತಾತ್ಪರ್ಯ. 1927ರಲ್ಲೇ ಕೆನಡದ ಆಲ್ಬರ್ಟ ಪ್ರಾಂತದ ಬ್ಲಾಕಿ ಎಂಬ ಊರಿನ ಪತ್ರಿಕಾ ವರದಿಯಲ್ಲಿ ಈ ಮಾತು ಕಾಣುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದು ಪದ್ಧತಿ ಕುಂಟಿತು. 1947ರಲ್ಲಿ ರೇಷನ್ ಹೋದದ್ದೇ ತಡ, ದೇಶವೆಲ್ಲ ಹಬ್ಬಿತು. ಬೆದರಿಕೆ ಮಾತಿನಲ್ಲಷ್ಟೇ ಉಳಿಯಿತು.

1950ರಲ್ಲಿ ಫಿಲಡೆಲ್ಫಿಯದ ಪಾದ್ರಿ ಕ್ಲೈಡ್ ಅಲಿಸನ್ ಮತ್ತು ಮೇರಿ ಎಮ್ಮಾ ಅಲಿಸನ್ ದಂಪತಿಗಳಿಗೆ ಇನ್ನೊಂದು ಯೋಚನೆ ಬಂತು. ಮಕ್ಕಳು ಮಿಠಾಯಿಯ ಜೊತೆಗೆ ಹಾಲಿನ ಖಾಲಿ ಡಬ್ಬಿಗಳಲ್ಲಿ ಚಿಲ್ಲರೆ ಕಾಸನ್ನೂ ಕೂಡಿಸಿ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗೆ ಕಳುಹಿಸಿದರೆ ಹೇಗೆ? ಮೊದಲ ವರ್ಷ ಕೂಡಿದ್ದು 17 ಡಾಲರು. ಮುಂದೆ ಲಕ್ಷಾಂತರ ಮಕ್ಕಳು ಡಬ್ಬಿ ಹಿಡಿದರು. ಅಂದು ಮೃತರ ಹೆಸರಿನಲ್ಲಿ ರೊಟ್ಟಿ ಬೇಡಿದ ಪದ್ಧತಿ ಈಗ ದೂರದೇಶದ ಮಕ್ಕಳ ಹೆಸರಿನಲ್ಲಿ ಕಾಸು ಬೇಡಿತು.

ಅಷ್ಟರಲ್ಲಿ ಮೂರನೆಯ ಭಯ ಬಂತು. ಮಿಠಾಯಿಯಲ್ಲಿ ವಿಷವಿದೆ, ಸೇಬಿನಲ್ಲಿ ಬ್ಲೇಡಿದೆ ಎಂಬ ಸುದ್ದಿ. 1974ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ಹುಡುಗ ಹಬ್ಬದ ಮಿಠಾಯಿ ತಿಂದು ಸತ್ತದ್ದು ನಿಜ. ಆದರೆ ವಿಮೆಯ ಹಣದಾಸೆಗೆ ವಿಷ ಬೆರೆಸಿದವನು ಅವನ ತಂದೆಯೇ ಎಂದು ನ್ಯಾಯಾಲಯದಲ್ಲಿ ಸಿದ್ಧವಾಯಿತು. 1982ರಲ್ಲಿ ಷಿಕಾಗೋ ಸುತ್ತ ಔಷಧದ ಗುಳಿಗೆಗಳಲ್ಲಿ ಯಾರೋ ವಿಷ ಬೆರೆಸಿ ಏಳು ಜನ ಸತ್ತಾಗ ಗಾಬರಿ ಇಮ್ಮಡಿಸಿತು. ಮಿಠಾಯಿಗೆ ಆಸ್ಪತ್ರೆಗಳಲ್ಲಿ ಎಕ್ಸ್-ರೇ ಹಿಡಿದರು! ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿ 1985ರಲ್ಲಿ ತಮ್ಮ ಶೋಧನೆ ಪ್ರಕಟಿಸಿದರು. ಅಪರಿಚಿತ ನೆರೆಯವರು ಹಂಚಿದ ತಿಂಡಿಯಿಂದ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ.

ನಿಜವಾದ ಅಪಾಯ ಬೇರೆಡೆ ಇತ್ತು. 1975ರಿಂದ 2016ರವರೆಗಿನ ಲೆಕ್ಕ ತೆಗೆದ ವೈದ್ಯರು, ಹ್ಯಾಲೋವೀನ್ ಸಂಜೆ ರಸ್ತೆಯಲ್ಲಿ ನಡೆದುಹೋಗುವವರ ಸಾವು ಇತರ ಸಂಜೆಗಳಿಗಿಂತ ನೂರಕ್ಕೆ 43ರಷ್ಟು ಹೆಚ್ಚೆಂದು ಕಂಡರು. ಅಂಜಬೇಕಾದದ್ದು ಮಿಠಾಯಿಗಲ್ಲ, ಮೋಟಾರಿಗೆ. ತಂದೆತಾಯಿಗಳು ದೀಪ ಹಿಡಿದು ಜೊತೆಗೆ ನಡೆದರೆ ಈ ಅಪಾಯಕ್ಕೆ ಬಹುಮಟ್ಟಿಗೆ ಪರಿಹಾರ ಉಂಟು. ನೆರೆಯವರನ್ನು ಶಂಕಿಸಿ ಬಾಗಿಲು ಮುಚ್ಚಿದರೆ ಯಾವ ಮಗುವಿನ ಪ್ರಾಣವೂ ಉಳಿಯುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೂ ಈಗ ಈ ಹಬ್ಬ ಬಂದಿದೆ. ನಮ್ಮ ದೀಪಾವಳಿಯೂ ಆಸುಪಾಸಿನಲ್ಲೇ ಬರುತ್ತದೆ. 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಿತ್ತು. ಮಾರನೆಯ ದಿನ ಕನ್ನಡ ರಾಜ್ಯೋತ್ಸವ. ಅಲ್ಲಿ ಒಂದು ಅಲಿಖಿತ ನಿಯಮವುಂಟು. ಮುಂಬಾಗಿಲ ದೀಪ ಉರಿಯುತ್ತಿರುವ ಮನೆಗೆ ಮಕ್ಕಳು ಬರುತ್ತಾರೆ. ದೀಪವಿಲ್ಲದ ಮನೆಯನ್ನು ದಾಟಿ ಹೋಗುತ್ತಾರೆ. ಹೊಸ ಊರಿಗೆ ಬಂದು ಪಕ್ಕದ ಮನೆಯವರ ಹೆಸರೂ ತಿಳಿಯದೆ ಕುಳಿತ ಸಂಸಾರಕ್ಕೆ ಆ ದೀಪ ಹೊತ್ತಿಸುವುದಕ್ಕಿಂತ ಸುಲಭವಾದ ಪರಿಚಯವಿಲ್ಲ. ಒಂದು ಗಂಟೆಯೊಳಗೆ ಬೀದಿಯ ಮಕ್ಕಳೆಲ್ಲ ಬಾಗಿಲಿಗೆ ಬಂದಿರುತ್ತಾರೆ. ಅವರ ಹಿಂದೆ, ಮೆಟ್ಟಿಲ ಕೆಳಗೆ, ನಗುತ್ತ ನಿಂತ ಅವರ ತಾಯಿತಂದೆಗಳು.